ಕುಯ್ಲಿನ ನಡುವೆ ಕ್ರಿಸ್ಮಸ್: 24ರ ಮಧ್ಯಾಹ್ನಕ್ಕೆ ಕೆಲಸ ನಿಲ್ಲಿಸುವುದು ಹೇಗೆ

ಕೊಡಗಿನಲ್ಲಿ ಕ್ರಿಸ್ಮಸ್ ಬರುವುದೇ ಕಾಫಿ ಕುಯ್ಲಿನ ಮಧ್ಯದಲ್ಲಿ. ಅರೇಬಿಕಾ ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಅಷ್ಟರಲ್ಲಿ ರೋಬಸ್ಟಾ ಹಣ್ಣಾಗಲು ಶುರುವಾಗಿರುತ್ತದೆ. ಕಣದ ತುಂಬ ಚೆರ್ರಿ, ಅಂದರೆ ಕಿತ್ತ ಕಾಫಿ ಹಣ್ಣು, ಹರಡಿರುತ್ತದೆ. ಬೆಳಿಗ್ಗೆ ಕೆಲಸದವರು ಬರುವ ಹೊತ್ತಿಗೆ ತಿಂಡಿ ಮುಗಿದಿರಬೇಕು, ಸಂಜೆ ಚೀಲ ತೂಗಬೇಕು, ಕತ್ತಲಾಗುವ ಮೊದಲು ಟಾರ್ಪಲ್ ಮುಚ್ಚಬೇಕು. ಇದರ ಜೊತೆಗೆ ಮನೆ ಗುಡಿಸಿ, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕರಿದು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿ, ಮಕ್ಕಳ ಬಟ್ಟೆ ಹೊಲಿಸಿ, ನೆಂಟರನ್ನು ನೋಡಿಕೊಂಡು ಚರ್ಚಿನ ರಾತ್ರಿ ಪೂಜೆಗೂ ಹೋಗಬೇಕು. ಪೇಟೆ ಮನೆಗಳ ಲೆಕ್ಕ ನಮಗೆ ಹೊಂದುವುದಿಲ್ಲ. ನಮಗೆ ನಮ್ಮದೇ ಲೆಕ್ಕ ಬೇಕು.

ನಾನು ಇದನ್ನು ಕಲಿತದ್ದು ಒಂದು ಕೆಟ್ಟ 24ರಿಂದ. ಕೆಲವು ವರ್ಷಗಳ ಹಿಂದೆ ಆ ದಿನ ಸಂಜೆ ನಾಲ್ಕು ಗಂಟೆಗೆ ನಾನಿನ್ನೂ ಕರ್ಜಿಕಾಯಿಯಂಥ ನೆವ್ರಿ ಕರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಮೋಡ ಕಟ್ಟಿ ಮಳೆ ಹನಿಯಲು ಶುರುವಾಯಿತು. ಕಣದಲ್ಲಿ ಅರ್ಧ ಒಣಗಿದ ಚೆರ್ರಿ ಇತ್ತು, ನಾನೂ ಯಜಮಾನರೂ ಮಕ್ಕಳೂ ಎಲ್ಲ ಬಿಟ್ಟು ಓಡಿದೆವು, ಒಲೆಯ ಮೇಲೆ ಎಣ್ಣೆ ಹಾಗೇ ಇತ್ತು. ಅತ್ತೆ ವಾಸನೆ ಹಿಡಿದು ಬಂದು ಆರಿಸದಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಭಯ. ಆಮೇಲೆ ಸ್ನಾನಕ್ಕೆ ಬಿಸಿನೀರು ಸಾಲಲಿಲ್ಲ, ಚಿಕ್ಕವಳ ಫ್ರಾಕಿನ ಗುಂಡಿ ಸಿಗಲಿಲ್ಲ, ನಾನು ಎಲ್ಲರ ಮೇಲೂ ರೇಗಿದೆ. ಪೂಜೆಗೆ ತಡವಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಅವತ್ತು ಯಾವ ಹಾಡು ಹಾಡಿದರು ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಒಂದೇ ಒಂದು ನಿಯಮ ಮಾಡಿಕೊಂಡೆವು. 24ನೇ ತಾರೀಕು ಮಧ್ಯಾಹ್ನ ಎರಡು ಗಂಟೆಗೆ ಒಲೆ ಆರಬೇಕು, ಪೊರಕೆ ಮೂಲೆ ಸೇರಬೇಕು. ಆ ಹೊತ್ತಿಗೆ ಆಗದ ಕೆಲಸ ಈ ವರ್ಷ ಆಗುವುದಿಲ್ಲ, ಅಷ್ಟೇ. ಉಳಿದದ್ದೆಲ್ಲ ಆ ಎರಡು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು.

ನಾಲ್ಕು ಭಾನುವಾರಗಳು

ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲಕ್ಕೆ ನಾಲ್ಕು ಭಾನುವಾರ ಇರುತ್ತದೆ. ಮೊದಲನೆಯದು ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ದಿನಗಳಲ್ಲೋ ಬರುತ್ತದೆ. ಚರ್ಚ್‌ನಲ್ಲಿ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾರಲ್ಲ, ನಾನು ಮನೆಕೆಲಸವನ್ನೂ ಹಾಗೇ ವಾರಕ್ಕೊಂದು ಅಂತ ಹಂಚುತ್ತೇನೆ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ನಾಲ್ಕು ಹಾಳೆ, ಒಂದೊಂದು ಹಾಳೆಯ ಮೇಲೆ ಒಂದು ಭಾನುವಾರದ ತಾರೀಕು. ಕೆಲಸ ನೆನಪಾದ ಕೂಡಲೇ ಯಾವುದಾದರೂ ಒಂದು ಹಾಳೆಯಲ್ಲಿ ಬರೆದುಬಿಡಿ. ತಲೆಯಲ್ಲಿ ಇಟ್ಟುಕೊಂಡರೆ ಅದು ರಾತ್ರಿ ಹನ್ನೊಂದಕ್ಕೆ ಎಬ್ಬಿಸುತ್ತದೆ. ಭಾನುವಾರವೇ ಮಾಡಬೇಕು ಅಂತೇನಿಲ್ಲ. ಆ ವಾರದೊಳಗೆ ಆದರೆ ಸಾಕು.

ಒಂದು ಮಾತು ಗಮನಿಸಿ. ನಾಲ್ಕನೇ ಭಾನುವಾರ 18ರಿಂದ 24ರ ನಡುವೆ ಯಾವತ್ತಾದರೂ ಬರಬಹುದು. 2023ರಲ್ಲಿ ಅದು 24ಕ್ಕೇ ಬಂದಿತ್ತು. ಅಂಥ ವರ್ಷ ನಿಮಗೆ ಮೂರೇ ವಾರ ಅಂತ ತಿಳಿದುಕೊಳ್ಳಿ. ಕ್ಯಾಲೆಂಡರ್ ಅನ್ನು ನವೆಂಬರಿನಲ್ಲೇ ನೋಡಿಡಿ.

ಮೊದಲ ವಾರ ಶುಚಿ. ಆದರೆ ಇಡೀ ಮನೆ ತೊಳೆಯಲು ಹೋಗಬೇಡಿ, ದಯವಿಟ್ಟು. ಕುಯ್ಲಿನ ಸಮಯದಲ್ಲಿ ಅದು ಆಗುವ ಮಾತಲ್ಲ. ಕಣದ ಧೂಳು, ಕೆಂಪು ಮಣ್ಣಿನ ಕಾಲು, ಎಲ್ಲ ಮರುದಿನವೇ ವಾಪಸ್ ಬರುತ್ತದೆ. ನಾನು ನಾಲ್ಕು ಜಾಗ ಮಾತ್ರ ಆರಿಸಿಕೊಳ್ಳುತ್ತೇನೆ: ಜಗಲಿ, ಮುಂದಿನ ಕೋಣೆ, ಅಡುಗೆಮನೆಯ ಕಪಾಟು, ನೆಂಟರು ಬಳಸುವ ಬಚ್ಚಲುಮನೆ. ಮಿಕ್ಕ ಕೋಣೆಗಳ ಬಾಗಿಲು ಹಾಕಿಡುತ್ತೇನೆ. ಗೋಣಿಚೀಲ, ತೋಟದ ಬೂಟು, ಕತ್ತಿ, ತೂಕದ ತಕ್ಕಡಿ ಇವೆಲ್ಲಕ್ಕೂ ಹಿಂಬಾಗಿಲ ಹತ್ತಿರ ಒಂದು ಜಾಗ ಗೊತ್ತುಮಾಡಿ, ಡಿಸೆಂಬರ್ ಪೂರ್ತಿ ಎಲ್ಲರೂ ಹಿಂಬಾಗಿಲಿಂದಲೇ ಒಳಗೆ ಬರಬೇಕು ಅಂತ ಹೇಳಿಬಿಡಿ. ಈ ಒಂದು ಮಾತಿಗೆ ಮನೆಯವರು ಒಪ್ಪಿದರೆ ಅರ್ಧ ಗುಡಿಸುವ ಕೆಲಸ ಕಮ್ಮಿಯಾಗುತ್ತದೆ.

ಕಂಬಳಿ, ರಜಾಯಿಗಳನ್ನೂ ಇದೇ ವಾರ ಬಿಸಿಲಿಗೆ ಹಾಕಿ. ನಮ್ಮ ಮಳೆಗಾಲದ ಮುಗ್ಗಲು ವಾಸನೆ ಬೀರುವಿನೊಳಗೆ ಡಿಸೆಂಬರ್‌ವರೆಗೂ ಕೂತಿರುತ್ತದೆ. ನೆಂಟರು ಬಂದ ರಾತ್ರಿ ತೆಗೆದರೆ ಏನೂ ಮಾಡಲಾಗುವುದಿಲ್ಲ.

ಈ ದಿನಗಳಲ್ಲೇ ಕೊಡವರ ಸುಗ್ಗಿ ಹಬ್ಬ ಹುತ್ತರಿಯೂ ಬರುತ್ತದೆ. ಪಕ್ಕದ ಕೊಡವ ಮನೆಯಿಂದ ಅಕ್ಕ ತಂಬಿಟ್ಟು ಕಳಿಸುತ್ತಾರೆ, ನಾವು ಕ್ರಿಸ್ಮಸ್ಸಿಗೆ ಕುಸ್ವಾರ್ ತಟ್ಟೆ ಕಳಿಸುತ್ತೇವೆ. ಅವರ ಡಬ್ಬಿ ನಮ್ಮಲ್ಲಿ ಉಳಿಯುತ್ತದೆ ಅಲ್ವಾ, ಅದನ್ನು ತೊಳೆದು ಒಂದು ಬುಟ್ಟಿಯಲ್ಲಿ ಇಟ್ಟುಬಿಡಿ. ಕುಸ್ವಾರ್ ಕಳಿಸುವಾಗ ಅದೇ ಡಬ್ಬಿಗಳು ಬೇಕಾಗುತ್ತವೆ.

ಎರಡನೇ ವಾರ ಪೇಟೆ ಕೆಲಸ. ಮಡಿಕೇರಿ ಸಂತೆ ಶುಕ್ರವಾರ. 20ರ ಒಳಗಿನ ಶುಕ್ರವಾರಕ್ಕೇ ಸಾಮಾನು ಮುಗಿಸಿ. ಅದು ದಾಟಿದರೆ ಹೊಸವರ್ಷದವರೆಗೂ ಪ್ರವಾಸಿಗರ ಗಾಡಿಗಳು, ರಾಜಾಸೀಟ್ ಕಡೆಯಂತೂ ಹೋಗುವುದೇ ಬೇಡ. ಅರ್ಧ ಕೆಜಿ ಒಣದ್ರಾಕ್ಷಿಗಾಗಿ ಅರ್ಧ ದಿನ ಕಳೆದುಕೊಳ್ಳುತ್ತೀರಿ. ಗ್ಯಾಸ್ ಸಿಲಿಂಡರ್ ಡಿಸೆಂಬರ್ ಮೊದಲ ವಾರವೇ ಬುಕ್ ಮಾಡಿ. ತೋಟದ ಕಡೆಗೆ ಬರುವಾಗ ಅದು ಯಾವತ್ತೂ ತಡ. ಹೊಲಿಯಲು ಕೊಡುವ ಬಟ್ಟೆ ಮಾತ್ರ ನವೆಂಬರಿನಲ್ಲೇ ಕೊಡಬೇಕು. ಬಟ್ಟೆ ಬಂದ ದಿನವೇ ಮಕ್ಕಳಿಗೆ ಹಾಕಿ ನೋಡಿ, ಗುಂಡಿ, ಹುಕ್, ಉದ್ದ ಎಲ್ಲ ಸರಿಮಾಡಿ, ಒಳಬಟ್ಟೆ ಸಾಕ್ಸ್ ಸಮೇತ ಒಬ್ಬೊಬ್ಬರದು ಒಂದೊಂದು ಚೀಲದಲ್ಲಿ ಹಾಕಿ ನೇತುಹಾಕಿ.

ದುಡ್ಡಿನ ವಿಷಯ ಇಲ್ಲೇ ಹೇಳುತ್ತೇನೆ. ಕಾಫಿ ಮಾರಿದ ದುಡ್ಡು ಇನ್ನೂ ಕೈಗೆ ಬಂದಿರುವುದಿಲ್ಲ, ಕೆಲಸದವರ ಸಂಬಳ ಮಾತ್ರ ವಾರ ವಾರ ಹೋಗುತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಡಿಸೆಂಬರಿನ ಜಗಳ ಶುರುವಾಗುವುದು ಇಲ್ಲಿಂದ. ಗಂಡ ಹೆಂಡತಿ ಕೂತು ಹಬ್ಬಕ್ಕೆ ಇಷ್ಟು ಅಂತ ಒಂದು ಮೊತ್ತ ಮಾತಾಡಿಕೊಳ್ಳಿ, ಅದನ್ನು ಒಂದು ಲಕೋಟೆಯಲ್ಲಿ ಬೇರೆ ಇಡಿ. ಲೈನ್ ಮನೆಯ (ತೋಟದ ಕೆಲಸದವರ ಮನೆಗಳ) ಮಕ್ಕಳಿಗೆ ಕೊಡುವ ಕೇಕು, ಬಟ್ಟೆ ಮೊದಲು ಆ ಲಕೋಟೆಯಿಂದ ತೆಗೆದಿಡಿ. ನಮ್ಮ ಮನೆ ಪರದೆ ಆಮೇಲೆ.

ಕುಸ್ವಾರ್: ಒಂದು ದಿನದ ಕೆಲಸ, ಹತ್ತು ದಿನದ್ದಲ್ಲ

ಹಬ್ಬದ ಸುಸ್ತಿನಲ್ಲಿ ಮುಕ್ಕಾಲು ಪಾಲು ಬರುವುದು ಇದರಿಂದಲೇ. ನನ್ನ ಅಮ್ಮ ವಿರಾಜಪೇಟೆಯ ಮನೆಯಲ್ಲಿ ಒಂಬತ್ತು ಬಗೆ ಮಾಡುತ್ತಿದ್ದರು. ಆದರೆ ಅಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಅಜ್ಜಿ ಅಂತ ಆರು ಜನ ಹೆಂಗಸರು ಕೂತು ಮಾಡುತ್ತಿದ್ದರು. ಈಗ ನಾನು ಮತ್ತು ಅತ್ತೆ ಇಬ್ಬರೇ. ಇಬ್ಬರು ಆರು ಜನರ ಕೆಲಸ ಮಾಡಲು ಹೋದರೆ ಸೊಂಟ ಹೋಗುತ್ತದೆ, ಮಾತು ಬಿರುಸಾಗುತ್ತದೆ. ನಾವು ನಾಲ್ಕು ಬಗೆಗೆ ಇಳಿಸಿದೆವು: ಚಕ್ಕುಲಿ, ತುಕ್ಡಿ (ಹಿಟ್ಟನ್ನು ತುಂಡು ಮಾಡಿ ಕರಿದದ್ದು), ಕೊಕ್ಕಿಸಾಂ (ಅಚ್ಚಿನಲ್ಲಿ ಕರಿದ ಹೂವಿನಂಥದ್ದು), ಕಿಡಿಯೊ (ಸುರುಳಿ ಸುತ್ತಿ ಕರಿದದ್ದು). ನೆವ್ರಿಯನ್ನು ನಾದಿನಿ ಮಾಡುತ್ತಾಳೆ, ನಾವು ಬದಲಾಯಿಸಿಕೊಳ್ಳುತ್ತೇವೆ. ಎರಡು ಮೂರು ಮನೆ ಸೇರಿ ಹೀಗೆ ಹಂಚಿಕೊಂಡರೆ ತಟ್ಟೆಯಲ್ಲಿ ಎಲ್ಲ ಬಗೆಯೂ ಇರುತ್ತದೆ, ಯಾರ ಬೆನ್ನೂ ಮುರಿಯುವುದಿಲ್ಲ.

ಮೂರನೇ ವಾರ ಒಂದು ದಿನ ಗೊತ್ತುಮಾಡಿ. ಹಿಂದಿನ ರಾತ್ರಿಯೇ ಹಿಟ್ಟು ಜರಡಿ ಹಿಡಿದು, ಸಕ್ಕರೆ ಪುಡಿಮಾಡಿ, ಡಬ್ಬಿಗಳನ್ನು ತೊಳೆದು ಒಣಗಿಸಿಡಿ. ಕರಿಯುವಾಗ ಖಾರದ್ದು ಮೊದಲು, ಸಿಹಿ ಆಮೇಲೆ. ಸಿಹಿ ಹಿಟ್ಟಿನ ಚೂರು ಎಣ್ಣೆಯಲ್ಲಿ ಉಳಿದು ಕಪ್ಪಾಗುತ್ತದೆ, ಆಮೇಲೆ ಅದರಲ್ಲಿ ಚಕ್ಕುಲಿ ಹಾಕಿದರೆ ಬಣ್ಣವೂ ಕೆಡುತ್ತದೆ ರುಚಿಯೂ ಕೆಡುತ್ತದೆ. ಹೀಗೆ ಸಾಲಾಗಿ ಮಾಡಿದರೆ ಒಂದೇ ಬಾಣಲೆ ಎಣ್ಣೆಯಲ್ಲಿ ದಿನ ಮುಗಿಯುತ್ತದೆ.

ಕೊಕ್ಕಿಸಾಂ, ಅಂದರೆ ಕೆಲವರು ಅಚ್ಚಪ್ಪಂ ಅನ್ನುತ್ತಾರಲ್ಲ, ಅದರ ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾದಿರಬೇಕು. ಕಾದ ಅಚ್ಚನ್ನು ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ಮೇಲೆಲ್ಲ ಕವಿದುಕೊಂಡು ಬಿಡುವುದೇ ಇಲ್ಲ, ಆಮೇಲೆ ಚಾಕುವಿನಿಂದ ಕೆರೆಯುತ್ತಾ ಕೂರಬೇಕು. ಮೊದಲ ಎರಡು ಮೂರು ಹೇಗೂ ಕೆಡುತ್ತವೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅಚ್ಚು ಹದಕ್ಕೆ ಬರುವವರೆಗೆ ಹಾಗೇ.

ಕಿಡಿಯೊ ಸುರುಳಿ ಸುತ್ತುವ ಕೆಲಸ ಮಕ್ಕಳಿಗೆ. ಒಂದೊಂದು ಫೋರ್ಕ್ ಕೊಡಿ, ಚಾಪೆ ಹಾಕಿ ಒಲೆಯಿಂದ ದೂರ ಕೂರಿಸಿ. ಒಂದು ದಪ್ಪ, ಒಂದು ತೆಳ್ಳಗೆ ಆಗುತ್ತದೆ, ಆಗಲಿ. ದಪ್ಪದ್ದನ್ನೂ ತೆಳ್ಳಗಿನದ್ದನ್ನೂ ಬೇರೆ ಬೇರೆ ಕರಿದರೆ ಎಲ್ಲವೂ ಹದವಾಗಿ ಬೇಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬೆಚ್ಚಗಿದ್ದಾಗ ಮುಚ್ಚಿದರೆ ಒಳಗೆ ಹಬೆ ಕೂತು ಮರುದಿನವೇ ಮೆತ್ತಗಾಗುತ್ತದೆ. ಮೂರು ಡಬ್ಬಿ ಮಾಡಿ. ಒಂದು ದಿನಾ ತಿನ್ನಲು, ಒಂದು ನೆರೆಮನೆಗಳಿಗೆ, ಒಂದು 25ಕ್ಕೆ. ದಿನಾ ತಿನ್ನುವ ಡಬ್ಬಿ ಮಕ್ಕಳ ಕೈಗೆ ಸಿಗುವಲ್ಲೇ ಇರಲಿ. ಬಚ್ಚಿಟ್ಟರೆ ಮನೆಯಲ್ಲಿ ಇಡೀ ದಿನ ಅದೇ ಮಾತು.

ಕೇಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ. ಮಾಡುವ ಆಸೆ ಇದ್ದರೆ ಮಾಡಿ, ಇಲ್ಲದಿದ್ದರೆ ಬೇಕರಿಯಿಂದ ತನ್ನಿ. ಮಾಡುವವರು ರಮ್ ಬೇಡ ಅಂದರೆ ಕಿತ್ತಳೆ ರಸದಲ್ಲಿ ಒಣಹಣ್ಣುಗಳನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸಾಕು. ಮನೆಯಲ್ಲೇ ಮಾಡದಿದ್ದರೆ ಅದು ಕ್ರಿಸ್ಮಸ್ಸೇ ಅಲ್ಲ ಅನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಹೋದರೆ ಸಿಗುವ ತಲಶ್ಶೇರಿಯಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಅನ್ನುವವರು ಕ್ರಿಸ್ಮಸ್ ಕೇಕ್ ಮಾಡಿದರು. ನಮ್ಮ ದೇಶದ ಮೊದಲ ಕ್ರಿಸ್ಮಸ್ ಕೇಕ್ ಅದೇ ಅನ್ನುತ್ತಾರೆ. ಮಾಡಿಸಿದ್ದು ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬ, ಮಾಡಿದ್ದು ಬೇಕರಿಯಲ್ಲಿ. ಅಂದಮೇಲೆ ಬೇಕರಿ ಕೇಕಿಗೆ ಸಂಕೋಚ ಯಾಕೆ?

ಗೋದಲಿ, ನಕ್ಷತ್ರ, ದೀಪ

ಇಡೀ ಮನೆಗೆ ಅಲಂಕಾರ ಬೇಡ. ಒಂದು ಮೂಲೆ ಸಾಕು. ಕಣ್ಣಿಗೆ ಎಲ್ಲ ಕಡೆಯೂ ಮಿಣುಕು ದೀಪ, ಬಣ್ಣದ ಕಾಗದ ಇದ್ದರೆ ಮನೆ ಸಣ್ಣದಾಗಿ ಕಾಣುತ್ತದೆ, ಒರೆಸುವ ಕೆಲಸವೂ ಜಾಸ್ತಿ. ನಮ್ಮ ಮನೆಯಲ್ಲಿ ಮುಂದಿನ ಕೋಣೆಯ ಪೂರ್ವದ ಮೂಲೆ ಗೋದಲಿಗೆ. ಟಿ.ವಿ. ಪಕ್ಕ ಇಡಬೇಡಿ ಅನ್ನುವುದು ನನ್ನ ಸಲಹೆ. ಅಲ್ಲಿ ಯಾರೂ ಗೋದಲಿಯನ್ನು ನೋಡುವುದಿಲ್ಲ.

1223ರಲ್ಲಿ ಸಂತ ಫ್ರಾನ್ಸಿಸ್‌ ಅಸ್ಸೀಸಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಗೋದಲಿ ಮಾಡಿದಾಗ ಇದ್ದದ್ದು ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಗದ್ದೆ ಕೊಯ್ಲಿನ ಹೊಸ ಹುಲ್ಲು ನಮಗೂ ಈ ತಿಂಗಳು ಸಿಗುತ್ತದೆ. ನೆರಳಿನ ಮರಗಳ ಪಾಚಿಯನ್ನು ಕೆರೆದು ಚೀಲಗಟ್ಟಲೆ ತರಬೇಡಿ. ಅದು ಬೆಳೆಯಲು ಎಷ್ಟೋ ಮಳೆಗಾಲ ಬೇಕು. ಅದರ ಬದಲು ಮೂರನೇ ಭಾನುವಾರ ಗೋಧಿಯನ್ನೋ ರಾಗಿಯನ್ನೋ ರಾತ್ರಿ ನೆನೆಸಿ, ಮರುದಿನ ತೆಂಗಿನ ಚಿಪ್ಪಿನ ಮಣ್ಣಿನಲ್ಲಿ ಬಿತ್ತಿ. ನಮ್ಮ ಚಳಿಗೆ ನಿಧಾನ, ಆದರೂ 24ಕ್ಕೆ ಹಸಿರು ಬಂದಿರುತ್ತದೆ. ನೀರು ಹಾಕುವ ಕೆಲಸ ಮನೆಯ ಅತಿ ಚಿಕ್ಕವರಿಗೆ ಕೊಡಿ.

ಮರಕ್ಕೆ ನಾವು ತೋಟದಲ್ಲಿ ಕಿತ್ತ ಹಳೇ ಕಾಫಿ ಗಿಡವನ್ನೇ ಬಳಸುತ್ತೇವೆ. ಒಣಗಿದ ಕೊಂಬೆಗೆ ಸುಣ್ಣ ಬಳಿದು ಬಕೆಟ್ ಮರಳಿನಲ್ಲಿ ನಿಲ್ಲಿಸಿದರೆ ಆಯಿತು. ಎಲೆ ಉದುರುವುದಿಲ್ಲ, ಗುಡಿಸುವುದೂ ಬೇಡ.

ಸೀರಿಯಲ್ ಸೆಟ್ ಹಚ್ಚುವ ಮೊದಲು ವೈರ್ ಪೂರ್ತಿ ಕೈಯಾಡಿಸಿ ನೋಡಿ. ಇಲಿ ಕಚ್ಚಿದ್ದರೆ ಟೇಪ್ ಸುತ್ತಿ ಸುಧಾರಿಸಬೇಡಿ, ಎಸೆಯಿರಿ. ನಕ್ಷತ್ರವನ್ನು ಜಗಲಿಯ ಸೂರಿನ ಒಳಗೇ ಕಟ್ಟಿ, ಇಬ್ಬನಿ ಬೀಳದ ಹಾಗೆ. ಮಲಗುವಾಗ ಎಲ್ಲ ಆರಿಸಿ. ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದು ಸುಮ್ನೆ ಹೇಳುವ ಮಾತಲ್ಲ.

ಜನ ಬಂದಾಗ, ಜನ ಇಲ್ಲದಾಗ

ಕ್ಯಾರಲ್ಸ್ ಹಾಡುವವರು ಯಾವ ರಾತ್ರಿ ನಿಮ್ಮ ಕಡೆ ಬರುತ್ತಾರೆ ಅಂತ ಚರ್ಚಿನ ವಾರ್ಡಿನವರಲ್ಲಿ ಮೊದಲೇ ಕೇಳಿ ಬರೆದಿಡಿ. ಒಂದು ದೊಡ್ಡ ಬುಟ್ಟಿಯಲ್ಲಿ ಇಪ್ಪತ್ತು ಸ್ಟೀಲ್ ಲೋಟ, ದೊಡ್ಡ ಫ್ಲಾಸ್ಕ್, ಒಂದು ಡಬ್ಬಿ ತುಕ್ಡಿ, ಒರೆಸುವ ಬಟ್ಟೆ ಇಟ್ಟು ಅದನ್ನು ಡಿಸೆಂಬರ್ ಪೂರ್ತಿ ಹಾಗೇ ಬಿಡಿ. ಬೆಲ್ಲದ ಕಾಫಿ ಮಾಡಿ ಫ್ಲಾಸ್ಕಿಗೆ ಹಾಕಿದರೆ ಮುಗಿಯಿತು, ನೀವೂ ಜಗಲಿಯಲ್ಲಿ ನಿಂತು ಹಾಡು ಕೇಳಬಹುದು. ಹೇಳದೆ ಬರುವ ನೆಂಟರಿಗೂ ಇದೇ ಬುಟ್ಟಿ.

ಉಳಿಯಲು ಬರುವವರ ಹತ್ತಿರ ಫೋನಿನಲ್ಲೇ ನೇರ ಮಾತಾಡಿ. "ಅಣ್ಣ, ಕುಯ್ಲು ನಡೀತಾ ಇದೆ, ಬೆಳಿಗ್ಗೆ ಹೊತ್ತು ನಾವು ಕಣದಲ್ಲಿರುತ್ತೇವೆ, ತಿಂಡಿ ಎಂಟಕ್ಕೆ ಎಲ್ಲರಿಗೂ ಒಟ್ಟಿಗೆ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಂದ ಅತ್ತಿಗೆಯರು ಕೆಲಸ ಕೇಳಿದರೆ ಬೇಡ ಅನ್ನಬೇಡಿ. ತೆಂಗಿನಕಾಯಿ ತುರಿಯಲು ಕೊಡಿ. ಕೆಲಸದ ಜೊತೆ ಮಾತೂ ಆಗುತ್ತದೆ.

ಹಿರಿಯರಿಗೆ ಈ ಗಲಾಟೆ ಭಾರ. ಅವರಿಗೆ ಒಂದು ಕೋಣೆ ಯಾರೂ ಸಾಮಾನು ಇಡದ ಹಾಗೆ ಬಿಟ್ಟುಕೊಡಿ, ಅಲ್ಲಿ ಅವರ ಕುರ್ಚಿ, ಜಪಸರ, ಬಿಸಿನೀರಿನ ಫ್ಲಾಸ್ಕ್ ಇರಲಿ. ಮನೆಯಲ್ಲಿ ಆ ವರ್ಷ ಸಾವಾಗಿದ್ದರೆ ಕುಸ್ವಾರ್ ಇಲ್ಲ, ನಕ್ಷತ್ರ ಇಲ್ಲ ಅಂತ ಮೊದಲೇ ನೆಂಟರಿಗೆ ಹೇಳಿಬಿಡಿ. ಮಾವ ಹೋದ ವರ್ಷ ನಾವು ಗೋದಲಿ ಮಾತ್ರ ಇಟ್ಟಿದ್ದೆವು. ಸಂಜೆ ಅದರ ಮುಂದೆ ಅತ್ತೆಯ ಪಕ್ಕ ಸುಮ್ಮನೆ ಕೂರುತ್ತಿದ್ದೆ. ಅವರು ಮಾವನ ಮದುವೆ ಕೋಟಿನ ಕಥೆ ಹೇಳಿದ್ದು ಆಗಲೇ, ಅದಕ್ಕೆ ಮೊದಲು ಒಂದು ಸಲವೂ ಹೇಳಿರಲಿಲ್ಲ.

23 ಮತ್ತು 24

23ರ ಸಂಜೆಯೇ ಕಣದ ಚೆರ್ರಿಯನ್ನು ಗುಡ್ಡೆ ಮಾಡಿ ಟಾರ್ಪಲ್ ಹೊದಿಸಿ, ಅಂಚಿಗೆ ಕಲ್ಲು ಇಡಿ. 24ರಂದು ಬಿಸಿಲಿದ್ದರೆ ಬೆಳಿಗ್ಗೆ ಹರಡಿ ಮಧ್ಯಾಹ್ನವೇ ಮತ್ತೆ ಗುಡ್ಡೆ ಮಾಡಬಹುದು, ಮೋಡ ಕಂಡರೆ ಬಿಚ್ಚಲೇಬೇಡಿ. ಅರ್ಧ ಒಣಗಿದ ಚೆರ್ರಿಯನ್ನು ಒಂದು ದಿನ ಹರಡದಿದ್ದರೆ ಕಾಫಿ ಎಲ್ಲೂ ಹೋಗುವುದಿಲ್ಲ, ಮರುದಿನ ಕೈಯಾಡಿಸಿದರೆ ಆಯಿತು. ಆ ವಾರದ ಸಂಬಳವನ್ನೂ 23ಕ್ಕೇ ಕೊಟ್ಟುಬಿಡಿ. ಕೆಲಸದವರಿಗೂ ಹಬ್ಬ ಇರುತ್ತದೆ.

24ರ ಬೆಳಿಗ್ಗೆ ಹಂದಿ ಕರಿ ಮಾಡಿ ಮುಗಿಸಿ. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿದ ಕರಿ ಮರುದಿನಕ್ಕೇ ರುಚಿ ಅಂತ ನಿಮಗೆ ಹೇಳಬೇಕಾಗಿಲ್ಲ. ಆರಿದ ಮೇಲೆ ಫ್ರಿಜ್ಜಿಗಿಟ್ಟು 25ಕ್ಕೆ ಚೆನ್ನಾಗಿ ಕುದಿಸಿ. ಇಡ್ಲಿಯಂಥ ಸಾನ್ನಾದ ಹಿಟ್ಟನ್ನೂ ಬೆಳಿಗ್ಗೆಯೇ ರುಬ್ಬಿ. ನಮ್ಮ ಚಳಿಯಲ್ಲಿ ಅದು ಉಬ್ಬಲು ತುಂಬಾ ಹೊತ್ತು ಬೇಕು. ಪಾತ್ರೆಗೆ ಹಳೇ ಕಂಬಳಿ ಸುತ್ತಿ ಸೌದೆ ಒಲೆಯ ಪಕ್ಕ ಇಡಿ, ಪಾತ್ರೆ ಅರ್ಧ ಮಾತ್ರ ತುಂಬಿರಲಿ. 25ರ ಬೆಳಿಗ್ಗೆ ಹಬೆಯಲ್ಲಿ ಬೇಯಿಸುವುದಷ್ಟೇ ಬಾಕಿ. ರಾತ್ರಿ ಊಟಕ್ಕೆ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ.

ಎರಡು ಗಂಟೆಗೆ ಒಲೆ ಆರಿಸಿ. ಬಚ್ಚಲ ಹಂಡೆಗೆ ಮಾತ್ರ ಸೌದೆ ಹಾಕಿ. ಊಟ ಆದವರು ಸ್ವಲ್ಪ ಮಲಗಲಿ, ಮಕ್ಕಳಂತೂ ಮಲಗಲೇಬೇಕು. ಪೂಜೆ ಎಷ್ಟು ಗಂಟೆಗೆ ಅಂತ ಹಿಂದಿನ ಭಾನುವಾರವೇ ಕೇಳಿಟ್ಟುಕೊಳ್ಳಿ. ಸಿದ್ದಾಪುರ, ಮಾಲ್ದಾರೆ ಕಡೆಯವರು ಆನೆ ಓಡಾಟ ವಿಚಾರಿಸಿ, ಒಂಟಿ ಬೈಕಿನಲ್ಲಿ ಹೊರಡದೆ ಅಕ್ಕಪಕ್ಕದವರ ಜೊತೆ ಜೀಪಿನಲ್ಲೇ ಹೋಗಿ. ಮಕ್ಕಳಿಗೆ ಒಂದೊಂದು ಶಾಲು ಹೆಚ್ಚಿಗೆ ಇರಲಿ.

ಈ ಹೊತ್ತಿಗೆ ಏನೋ ಒಂದು ಬಾಕಿ ಇದ್ದೇ ಇರುತ್ತದೆ. ಕಿಟಕಿ ಪರದೆ ಇಸ್ತ್ರಿ ಆಗಿಲ್ಲ, ದಿಂಬಿನ ಕವರ್ ಜೋಡಿ ಸಿಕ್ಕಿಲ್ಲ. ಬಿಡಿ. ನಾನು ಹೋದ ಸಲ ಹಳೇ ಪರದೆಯನ್ನೇ ಬಿಟ್ಟಿದ್ದೆ, ಯಾರೂ ಕೇಳಲಿಲ್ಲ.

ತೆಗೆದಿಡುವುದು

ಜನವರಿ 6ರ ಮೂರು ರಾಯರ ಹಬ್ಬದ ತನಕ ಗೋದಲಿ ಇರಲಿ. 26ಕ್ಕೇ ಬಿಚ್ಚಲು ಹೋಗಬೇಡಿ, ಅವತ್ತು ವಿಶ್ರಾಂತಿ. ಅಲಂಕಾರವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ನಮ್ಮ ಮಳೆಗಾಲಕ್ಕೆ ರಟ್ಟು ಬೂಸಲು ಹಿಡಿದು ಒಳಗಿನದ್ದೂ ಹಾಳು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು. ತೇವ ಹೀರಲು ಬಟ್ಟೆಯ ಸಣ್ಣ ಚೀಲದಲ್ಲಿ ಒಣ ಇದ್ದಿಲು ಕಟ್ಟಿ ಹಾಕಿ. ಸೀರಿಯಲ್ ಸೆಟ್ಟನ್ನು ರಟ್ಟಿನ ತುಂಡಿಗೆ ಸುತ್ತಿ ತುದಿ ಸಿಕ್ಕಿಸಿ. ಗೋದಲಿಯ ಬೊಂಬೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ, ಬಾಲಯೇಸುವನ್ನು ಎಲ್ಲಕ್ಕಿಂತ ಮೇಲೆ ಇಡಿ. ಸೌದೆ ಒಲೆ ಇರುವ ಮನೆಯಾದರೆ ಡ್ರಮ್ ಅಟ್ಟಕ್ಕೆ ಹೋಗಲಿ, ಆದರೆ ಬಿಸಿ ನೇರವಾಗಿ ತಾಗದ ಮೂಲೆಯಲ್ಲಿ.

ಮುಚ್ಚುವ ಮೊದಲು ಒಂದು ಚೀಟಿ ಬರೆದು ಒಳಗೆ ಹಾಕಿ, ಮುಂದಿನ ಡಿಸೆಂಬರಿಗೆ ಅದೇ ಮೊದಲು ಕೈಗೆ ಸಿಗುವ ಹಾಗೆ. ನಮ್ಮ ಡ್ರಮ್ಮಿನಲ್ಲಿ ಈಗಿರುವ ಚೀಟಿ ಹೀಗಿದೆ: ಸಕ್ಕರೆ ಎರಡು ಕೆಜಿ ಸಾಕಾಯಿತು. ನಕ್ಷತ್ರದ ಹೋಲ್ಡರ್ ಸಡಿಲ, ಹೊಸದು ಬೇಕು. ತುಕ್ಡಿ ಉಳಿಯಿತು, ಕಿಡಿಯೊ 20ಕ್ಕೇ ಖಾಲಿ. ಕುರುಬ ಬೊಂಬೆಯ ಕೈ ಅಂಟಿಸಬೇಕು. ಅತ್ತೆಗೆ ದಪ್ಪ ಸಾಕ್ಸ್.